ಮೈನಸ್ ಹತ್ತರ ಪೆಟ್ಟಿಗೆ

ಬಸ್ ಡಿಪೋದ ಸೀಟು ಹೊಲಿಯುವ ಕೆಲಸ ಸಿಕ್ಕಿದ ವಾರವೇ ಆ ಮನೆಗೆ ಹೊತ್ತೊಯ್ಯುವ ಫ್ರಿಜ್ ಬಂತು. ನಲವತ್ತು ಬಸ್ಸು, ಬಸ್ಸಿಗೆ ನಲವತ್ತನಾಲ್ಕು ಸೀಟು, ಎಂಟು ವಾರದ ಗಡುವು. ಹಳೆಯ ರೆಕ್ಸಿನ್ ಕಿತ್ತು, ಸ್ಪಂಜು ಬದಲಿಸಿ, ಹೊಸ ಹೊದಿಕೆ ಎಳೆದು ಸ್ಟೇಪಲ್ ಹೊಡೆಯುವವನು ಮಗ. ಹೊದಿಕೆ ಹೊಲಿಯುವವಳು ಅವನ ತಾಯಿ. ಮನೆಯಲ್ಲಿ ಮೊಮ್ಮಗಳು ಹುಟ್ಟಿದ ಮೇಲೆ ಆಕೆ ಡಿಪೋದವರಿಗೂ ಅಜ್ಜಿಯೇ. ವಯಸ್ಸು ಅರವತ್ತೊಂದು. ದಿನಕ್ಕೆ ಮೂವತ್ತೇಳು ಹೊದಿಕೆ ಮುಗಿಸಿದರೆ ಮಾತ್ರ ಗಡುವು ಹಿಡಿಯಬಹುದಿತ್ತು. ಅಂದರೆ ಬೆಳಿಗ್ಗೆ ಎಂಟೂವರೆಯಿಂದ ರಾತ್ರಿ ಎಂಟರವರೆಗೆ ಡಿಪೋದ ತಗಡಿನ ಶೆಡ್ಡು.

ಅಜ್ಜಿಗೆ ಸಕ್ಕರೆ ಕಾಯಿಲೆ ಹನ್ನೊಂದು ವರ್ಷದಿಂದ. ಇನ್ಸುಲಿನ್ ನಾಲ್ಕು ವರ್ಷದಿಂದ. ಬೆಳಿಗ್ಗೆ ಹದಿನೆಂಟು ಯೂನಿಟ್, ಸಂಜೆ ಊಟಕ್ಕೆ ಮುಂಚೆ ಹದಿನೆಂಟು. ಸಂಜೆಯ ಚುಚ್ಚುಮದ್ದನ್ನು ಇನ್ನು ಶೆಡ್ಡಿನಲ್ಲೇ ತೆಗೆದುಕೊಳ್ಳಬೇಕು. ಶೆಡ್ಡಿನೊಳಗೆ ಮಧ್ಯಾಹ್ನ ನಲವತ್ತು ಡಿಗ್ರಿ ದಾಟುತ್ತಿತ್ತು. ಔಷಧ ಆ ಶಾಖದಲ್ಲಿ ಉಳಿಯುವುದಿಲ್ಲ. ಹಾಗಾಗಿ ಮಗ, ಪ್ರವಾಸದ ವ್ಯಾನ್ ಮಾರಿದ ಡ್ರೈವರೊಬ್ಬನಿಂದ ಹದಿನೈದು ಲೀಟರಿನ ಈ ಫ್ರಿಜ್ ತಂದ. ನೋಡಲು ಟೂಲ್ ಬಾಕ್ಸಿನ ಹಾಗೆ, ಮೇಲೆ ಮುಚ್ಚಳ, ಪಕ್ಕದಲ್ಲಿ ಸಣ್ಣ ಪರದೆಯ ಮೇಲೆ ಹಸಿರು ಅಂಕಿ. ಮನೆಯ ಗೋಡೆಯ ಪ್ಲಗ್ಗಿಗೂ ಹಾಕಬಹುದು, ವ್ಯಾನಿನ ಬ್ಯಾಟರಿಗೂ ಹಾಕಬಹುದು. ಬಳಸುವ ವಿಧಾನದ ಪುಸ್ತಕ ಮಾತ್ರ ಇರಲಿಲ್ಲ.

"ಪುಸ್ತಕ ಯಾಕೆ, ನಾನಿಲ್ವಾ?" ಅಂದರು ಅಜ್ಜಿಯ ಗಂಡ.

ಅವರು ಮೂವತ್ತೆರಡು ವರ್ಷ ಐಸ್ ಕಾರ್ಖಾನೆಯಲ್ಲಿದ್ದವರು, ಕೊನೆಯ ಒಂಬತ್ತು ವರ್ಷ ಫೋರ್ಮನ್. ಬೀದಿಯಲ್ಲಿ ಅವರಿಗೆ ಐಸಣ್ಣ ಎಂದೇ ಹೆಸರು. ಯಾರ ಮನೆಯ ಫ್ರಿಜ್ ಗೊರಗೊರ ಅಂದರೂ ಕರೆ ಬರುತ್ತಿದ್ದದ್ದು ಅವರಿಗೆ.

ಮಗ ಪೆಟ್ಟಿಗೆಯನ್ನು ವ್ಯಾನಿನಲ್ಲಿ ಸ್ಪಂಜಿನ ಹಾಳೆಗಳ ನಡುವೆ ಒತ್ತಿ ಕೂರಿಸಿದ. ಐಸಣ್ಣ ಹೊರಗೆ ಎಳೆದರು.

"ಉಸಿರು ಕಟ್ಟಿಸಿ ಸಾಯಿಸ್ತೀಯಾ ಅದನ್ನ? ಬೆನ್ನ ಹಿಂದೆ ಒಂದು ಗೇಣು ಜಾಗ ಬಿಡು. ಒಳಗಿನ ಬಿಸಿ ಎಲ್ಲಿಗೆ ಹೋಗ್ಬೇಕು?"

"ಜಾಗ ಎಲ್ಲಿದೆ ಅಪ್ಪ, ಹೊಲಿಗೆ ಮಿಷಿನ್ ನನ್ನ ತಲೆ ಮೇಲೆ ಇಡ್ಲಾ?"

"ಇಡು. ತಲೆ ಖಾಲಿ ಇದೆಯಲ್ಲ. ಮತ್ತೆ ಇದನ್ನ ಮಲಗಿಸ್ಬೇಡ. ಮಲಗಿಸಿದ್ರೆ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಆನ್ ಮಾಡು."

ಅವರು ಹೇಳಿದ್ದೆಲ್ಲ ಸರಿಯಾಗಿತ್ತು. ಜಾಗ ಬಿಟ್ಟ ಮೇಲೆ ಪೆಟ್ಟಿಗೆಯ ಸದ್ದು ಅರ್ಧಕ್ಕಿಳಿಯಿತು. ಸೊಸೆ ಕೂಡ, ಮಾವನನ್ನು ಹೊಗಳುವ ಅಭ್ಯಾಸ ಇಲ್ಲದವಳು, "ಈ ವಿಷಯದಲ್ಲಿ ಮಾವನ್ನ ಕೇಳ್ಬೇಕಪ್ಪ" ಅಂದಳು.

ಮೊದಲ ದಿನ ಔಷಧದ ಸೀಸೆ ಮನೆಯ ದೊಡ್ಡ ಫ್ರಿಜ್ಜಿನಲ್ಲೇ ಉಳಿದುಹೋಯಿತು. ಚಿಕ್ಕ ಫ್ರಿಜ್ ಖಾಲಿಯಾಗಿ ಡಿಪೋಗೆ ಹೋಗಿ, ಖಾಲಿಯಾಗಿ ತಣ್ಣಗಿದ್ದು, ವಾಪಸ್ಸು ಬಂತು. ಐಸಣ್ಣ ಆ ಸಂಜೆಯೇ ತೀರ್ಮಾನ ಮಾಡಿದರು: ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎತ್ತಿಡುವ ಆಟ ಬೇಡ. ಆರು ವಾರಕ್ಕೆಂದು ತಂದಿಟ್ಟಿದ್ದ ಎಲ್ಲ ಸೀಸೆಗಳೂ ಇನ್ನು ಈ ಪೆಟ್ಟಿಗೆಯಲ್ಲೇ.

ಮೂರನೇ ದಿನ ವ್ಯಾನ್ ಸ್ಟಾರ್ಟ್ ಆಗಲಿಲ್ಲ. ಹನ್ನೊಂದು ಗಂಟೆ ಕಾಲ ಪೆಟ್ಟಿಗೆ ಬ್ಯಾಟರಿಯನ್ನು ಕುಡಿದು ಮುಗಿಸಿತ್ತು. ಡಿಪೋದ ಮೆಕ್ಯಾನಿಕ್ಕುಗಳು ವ್ಯಾನ್ ತಳ್ಳಿ, ಒಂದಷ್ಟು ನಕ್ಕು, ಕಳಿಸಿಕೊಟ್ಟರು.

"ನಾಳೆಯಿಂದ ಇದರ ವೈರು ವ್ಯಾನಿಗೆ ಹಾಕಲ್ಲ," ಅಂದ ಮಗ, ಕೈ ತೊಳೆಯುವ ಮುಂಚೆಯೇ.

"ಹಾಕದಿದ್ರೆ ನಿಮ್ಮಮ್ಮನ ಔಷಧ?"

"ನೀವೇ ಹೇಳಿ ಅಪ್ಪ. ನೀವಲ್ವಾ ಫೋರ್ಮನ್?"

ಐಸಣ್ಣ ಬ್ರೆಡ್ಡಿನ ತುಂಡನ್ನು ಸೂಪಿನಲ್ಲಿ ಅದ್ದಿದವರು ಹಾಗೇ ಹಿಡಿದುಕೊಂಡು ಯೋಚಿಸಿದರು. ತುಂಡು ಮೆತ್ತಗಾಗಿ ಬಟ್ಟಲಿಗೆ ಬಿತ್ತು.

"ಹೇಳ್ತೀನಿ ಕೇಳು. ಕಾರ್ಖಾನೆಯಲ್ಲಿ ಹಗಲು ಕರೆಂಟ್ ಇರ್ತಿರ್ಲಿಲ್ಲ. ನಾವೇನು ಮಾಡ್ತಿದ್ವಿ? ಕರೆಂಟ್ ಇದ್ದಾಗ ಉಪ್ಪುನೀರಿನ ತೊಟ್ಟೀನ ಮೈನಸ್ ಹತ್ತಕ್ಕೆ ಇಳಿಸಿಬಿಡ್ತಿದ್ವಿ. ಆಮೇಲೆ ಮಿಷಿನ್ ಬಂದ್. ಇಡೀ ಹಗಲು ಆ ತಂಪನ್ನೇ ತಿಂದ್ಕೊಂಡು ಇರ್ತಿತ್ತು. ಇದಕ್ಕೂ ಅದೇ. ಮನೆ ಪ್ಲಗ್ಗಲ್ಲಿ ಮೈನಸ್ ಹತ್ತಕ್ಕೆ ಇಡೋಣ, ಒಳಗೆ ನಾಲ್ಕು ನೀರಿನ ಬಾಟ್ಲಿ. ಬೆಳಿಗ್ಗೆ ಕಿತ್ತು ವ್ಯಾನಿಗೆ ಹಾಕು. ಸಂಜೆವರೆಗೂ ಬ್ಯಾಟರಿ ಮುಟ್ಟೋದೇ ಬೇಡ."

"ತಾತನ ಲೆಕ್ಕದಲ್ಲಿ ಸ್ವರ್ಗ ಕೂಡ ಮೈನಸ್ ಹತ್ತರಲ್ಲೇ ಇರ್ಬೇಕು," ಅಂದಳು ಮೊಮ್ಮಗಳು. ಹದಿನೈದು ವರ್ಷದವಳು, ಬಾಯಿ ಸ್ವಲ್ಪ ಉದ್ದ.

"ನರಕ ಬಿಸಿ ತಾನೆ? ಹಾಗಿದ್ರೆ ಸ್ವರ್ಗ ತಣ್ಣಗೇ," ಅಂದರು ಐಸಣ್ಣ.

ಎಲ್ಲರೂ ನಕ್ಕರು. ಉಪಾಯ ಕೆಲಸವೂ ಮಾಡಿತು. ಸಂಜೆ ಮುಚ್ಚಳ ತೆರೆದರೆ ನೀರಿನ ಬಾಟಲಿಗಳಲ್ಲಿ ಇನ್ನೂ ಐಸಿನ ಹರಳು ತೇಲುತ್ತಿದ್ದವು. ವ್ಯಾನ್ ಒಂದೇ ತಿರುವಿಗೆ ಸ್ಟಾರ್ಟ್ ಆಗುತ್ತಿತ್ತು.

ಬೆಳಗಿನ ಚುಚ್ಚುಮದ್ದು ಕೊಡುವವರು ಐಸಣ್ಣನೇ; ಸಂಜೆಯದನ್ನು ಅಜ್ಜಿ ತಾನೇ ಹಾಕಿಕೊಳ್ಳುತ್ತಿದ್ದಳು. ಮಗನಿಗೆ ಸೂಜಿ ಕಂಡರೆ ತಲೆ ಸುತ್ತು. "ಸೂಜಿಯಿಂದ ಅನ್ನ ತಿನ್ನೋ ಮನೇಲಿ ಹುಟ್ಟಿ ಸೂಜಿಗೆ ಹೆದರ್ತಾನೆ," ಎಂದು ಅಜ್ಜಿ ಅವನನ್ನು ಆಡಿಕೊಳ್ಳುತ್ತಿದ್ದಳು. ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೊದಲ ಪಾಳಿ; ಐದೂವರೆಗೆ ಮನೆ ಬಿಡುತ್ತಿದ್ದಳು. ಐಸಣ್ಣ ಆರೂಮುಕ್ಕಾಲಿಗೆ ಪೆಟ್ಟಿಗೆಯಿಂದ ಸೀಸೆ ತೆಗೆಯುತ್ತಿದ್ದರು. ಅದು ಕಲ್ಲಾಗಿರುತ್ತಿತ್ತು. ಎರಡೂ ಅಂಗೈ ನಡುವೆ ಇಟ್ಟುಕೊಂಡು ಕುರ್ಚಿಯಲ್ಲಿ ಕಾಲು ಗಂಟೆ ಕೂರುತ್ತಿದ್ದರು. ಕರಗಿದ ಮೇಲೆ ಮೆಲ್ಲಗೆ ಉರುಳಿಸಿ, ಹಾಲಿನ ಬಣ್ಣ ಬಂದಿದೆಯೇ ನೋಡಿ, ಸಿರಿಂಜಿಗೆ ಎಳೆಯುತ್ತಿದ್ದರು.

"ಗಟ್ಟಿ ಆಗಿರುತ್ತಲ್ಲ, ಪರವಾಗಿಲ್ವಾ?" ಎಂದು ಅಜ್ಜಿ ಒಮ್ಮೆ ಕೇಳಿದ್ದಳು.

"ಮೀನು ಐಸಲ್ಲಿಟ್ರೆ ಕೆಡುತ್ತಾ?"

ಅಜ್ಜಿ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದಳು.

ಸೀಸೆಯ ಡಬ್ಬಿಯಲ್ಲಿ ಮಡಿಸಿಟ್ಟ ಕಾಗದ ಇರುತ್ತಿತ್ತು. ತೆಳುವಾದ, ಸಣ್ಣ ಅಕ್ಷರದ ಉದ್ದ ಕಾಗದ. ಬಳಸಿದ ಸೂಜಿ ಸುತ್ತಿ ಡಬ್ಬಕ್ಕೆ ಹಾಕಲು ಅದು ಚೆನ್ನಾಗಿತ್ತು. ಮೊಮ್ಮಗಳು ಅದನ್ನು ಅಂಗೈ ಅಗಲಕ್ಕೆ ಹರಿದು ಕೊಡುತ್ತಿದ್ದಳು.

*

ಎರಡನೇ ವಾರದ ಕೊನೆಗೆ ಅಜ್ಜಿ ರಾತ್ರಿಯೂಟದ ಜೊತೆ ಎರಡು ಚೊಂಬು ನೀರು ಕುಡಿಯತೊಡಗಿದಳು. ಶೆಡ್ಡಿನ ಬಿಸಿ ಎಂದುಕೊಂಡರು. ಬುಧವಾರ ಮತ್ತು ಭಾನುವಾರ ಮೊಮ್ಮಗಳು ಬೆರಳು ಚುಚ್ಚಿ ಸಣ್ಣ ಯಂತ್ರದಲ್ಲಿ ಸಕ್ಕರೆ ನೋಡುವುದು ವಾಡಿಕೆ. ಆ ಭಾನುವಾರ ಇನ್ನೂರ ಎಂಬತ್ತು. ಬುಧವಾರ ಮುನ್ನೂರ ಹನ್ನೆರಡು.

"ಏನು ತಿಂದ್ರಿ ಅತ್ತೆ?" ಅಂದಳು ಸೊಸೆ.

"ನೀನು ಕಟ್ಟಿಕೊಟ್ಟಿದ್ದು."

"ನಾನು ಕಟ್ಟಿದ್ದು ಎರಡು ಬ್ರೆಡ್ಡು, ಬೇಯಿಸಿದ ತರಕಾರಿ. ಅದರಿಂದ ಮುನ್ನೂರು ಹತ್ತುತ್ತಾ?"

"ಡಿಪೋದಲ್ಲಿ ಟೀ ಕೊಡ್ತಾರೆ," ಅಂದ ಮಗ. ಅವನ ಪ್ರಕಾರ ಅದು ಸುಮ್ಮನೆ ಹೇಳಿದ ಮಾತು.

"ಸಕ್ಕರೆ ಹಾಕಿದ್ದಾ?"

"ಬೇಡ ಅಂತ ಹೇಳೇ ಕುಡೀತೀನಿ," ಅಂದಳು ಅಜ್ಜಿ.

"ಬಿಸ್ಕತ್ತು?"

"ಏನೇ ನೀನು, ಪೊಲೀಸಿನವಳ ಥರ?"

"ಪೊಲೀಸಿನೋಳಾಗಿದ್ರೆ ಎರಡು ಬಿಟ್ಟು ಕೇಳ್ತಿದ್ದೆ."

ಮಾರನೆಯ ದಿನ ಸೊಸೆ ಸಕ್ಕರೆ ಡಬ್ಬ, ಜಾಮ್, ಬಿಸ್ಕತ್ತು ಎಲ್ಲವನ್ನೂ ತನ್ನ ಬಟ್ಟೆಯ ಬೀರುವಿಗೆ ಸಾಗಿಸಿ ಬೀಗ ಹಾಕಿದಳು. ಮೊಮ್ಮಗಳು ಬೆಳಿಗ್ಗೆ ಸಪ್ಪೆ ಟೀ ಕುಡಿದು, "ಅಜ್ಜಿ ತಪ್ಪಿಗೆ ನಮಗ್ಯಾಕೆ ಶಿಕ್ಷೆ?" ಅಂದಳು. ಅಜ್ಜಿ ಕೇಳಿಸಿಕೊಂಡಳು.

ಮೂರನೇ ವಾರದ ಗುರುವಾರ ಸಂಜೆ ಅಜ್ಜಿ ಮನೆಯೊಳಗೆ ನಡೆದು ಬಂದಾಗ ಬಿಳಿ ನೆಲದ ಮೇಲೆ ಒಂದೇ ಅಂತರದಲ್ಲಿ ಕೆಂಪು ಚುಕ್ಕೆಗಳು ಬಿದ್ದವು. ಮೊಮ್ಮಗಳು ಚುಕ್ಕೆಗಳ ಹಿಂದೆ ಹೋಗಿ ಅಜ್ಜಿಯ ಬಲಗಾಲು ಎತ್ತಿದಳು. ಎರಡನೇ ಬೆರಳಿನ ಬುಡದಲ್ಲಿ ಸೀಟಿನ ಸ್ಟೇಪಲ್ ಒಂದು ಪೂರ್ತಿ ಒಳಗೆ ಹೋಗಿ ಬೆನ್ನು ಮಾತ್ರ ಹೊಳೆಯುತ್ತಿತ್ತು.

"ಅಜ್ಜಿ, ನೋವಾಗ್ತಿಲ್ವಾ?"

"ಏನು?"

ಶೆಡ್ಡಿನ ನೆಲದಲ್ಲಿ ಕಿತ್ತ ಸ್ಟೇಪಲ್‌ಗಳು ನೂರಾರು ಬಿದ್ದಿರುತ್ತಿದ್ದವು. ಅಜ್ಜಿ ಚಪ್ಪಲಿ ಬಿಟ್ಟೇ ಹೊಲಿಯುವವಳು. ಚಪ್ಪಲಿ ಇದ್ದರೆ ಪೆಡಲ್ ಎಷ್ಟು ಒತ್ತಿದೆ ಎಂದು ತಿಳಿಯುವುದಿಲ್ಲ ಎನ್ನುತ್ತಿದ್ದಳು. ಅಂಗಾಲಿಗೆ ಸ್ಪರ್ಶ ಹೋಗಿ ಎರಡು ವರ್ಷವಾಗಿತ್ತು. ಬರಿಗಾಲಿನಲ್ಲೂ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಮಗ ಇಕ್ಕಳದಿಂದ ಸ್ಟೇಪಲ್ ಎಳೆದ. ಅದು ಎರಡು ದಿನ ಹಳೆಯದಿರಬಹುದು ಎಂದು ಅವನೇ ಹೇಳಿದ, ತುಕ್ಕಿನ ಬಣ್ಣ ನೋಡಿ.

ಶುಕ್ರವಾರ ಮಧ್ಯಾಹ್ನ ಸೊಸೆ ಪಾಳಿ ಮುಗಿಸಿಕೊಂಡು ಅತ್ತೆ ಮಾವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ನರ್ಸ್ ಗಾಯ ತೊಳೆದಳು, ಸಕ್ಕರೆ ನೋಡಿದಳು. ಮುನ್ನೂರ ಐವತ್ತೈದು.

"ಹೀಗಿದ್ರೆ ಗಾಯ ಒಣಗಲ್ಲ. ಬೆರಳು ಉಳಿಯಲ್ಲ. ಮೂರು ವಾರದಲ್ಲಿ ಇನ್ನೂರರ ಕೆಳಗೆ ಬರ್ಬೇಕು. ಔಷಧ ಎಲ್ಲಿ ಇಡ್ತೀರಿ?"

"ಫ್ರಿಜ್ಜಲ್ಲಿ," ಅಂದರು ಐಸಣ್ಣ. "ಅದರ ಚಿಂತೆ ಬಿಡಿ. ನಾನು ಮೂವತ್ತೆರಡು ವರ್ಷ ಐಸ್ ಕಾರ್ಖಾನೇಲಿದ್ದೋನು."

"ಫ್ರಿಜ್ಜಲ್ಲಿ ಎಷ್ಟು ಡಿಗ್ರಿ..."

"ಸಿಸ್ಟರ್, ವಿಷಯ ಅದಲ್ಲ," ಅಂದಳು ಸೊಸೆ. "ಇವರು ಹೊರಗೆ ಸಿಹಿ ತಿಂತಾರೆ. ನಾನು ಕೇಳಿದ್ರೆ ಒಪ್ಪಲ್ಲ. ನೀವೇ ಕೇಳಿ."

ನರ್ಸ್ ಅಜ್ಜಿಯ ಕಡೆ ತಿರುಗಿದಳು. ಹೊರಗೆ ಬೆಂಚಿನಲ್ಲಿ ಇನ್ನೂ ಹದಿನಾಲ್ಕು ಜನ ಕಾಯುತ್ತಿದ್ದರು. ಅಜ್ಜಿ ಬ್ಯಾಂಡೇಜ್ ಸುತ್ತಿದ ಕಾಲು ನೋಡಿಕೊಂಡಳು. ಅಂದಿನ ಹೊದಿಕೆ ಇಪ್ಪತ್ತು ಬಾಕಿ ಇತ್ತು.

"ಹೌದು. ತಿಂತೀನಿ," ಅಂದಳು.

"ಏನು ತಿಂತೀರಿ?"

"ಬಿಸ್ಕತ್ತು."

"ಎಷ್ಟು?"

"ನೀವೇ ಎಷ್ಟಾದ್ರೂ ಬರ್ಕೊಳ್ಳಿ."

ನರ್ಸ್ ಪುಸ್ತಕದಲ್ಲಿ 'ಪಥ್ಯ ಪಾಲಿಸುತ್ತಿಲ್ಲ' ಎಂದು ಬರೆದಳು. ಡಾಕ್ಟರು ಆ ಸಾಲು ಓದಿ, ಇನ್ಸುಲಿನ್ ಹದಿನೆಂಟರಿಂದ ಇಪ್ಪತ್ತನಾಲ್ಕಕ್ಕೆ ಏರಿಸಿದರು. ಡಿಗ್ರಿಯ ಪ್ರಶ್ನೆಯನ್ನು ಮತ್ತೆ ಯಾರೂ ಕೇಳಲಿಲ್ಲ.

ದಾರಿಯಲ್ಲಿ ಸೊಸೆ, "ಮೊದಲೇ ಒಪ್ಪಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ," ಅಂದಳು.

"ಈಗ ಒಪ್ಪಿದ್ದೀನಲ್ಲ. ಮುಗೀತಲ್ಲ."

"ತಿಂದಿದ್ದು ನಿಜ ತಾನೆ?"

"ನಿಂಗೆ ಏನು ಬೇಕೋ ಅದು ನಿಜ ಕಣೆ. ಬಸ್ ಬಂತು ನೋಡು."

*

ನಾಲ್ಕನೇ ವಾರ ಇಪ್ಪತ್ತನಾಲ್ಕು ಯೂನಿಟ್. ಸಕ್ಕರೆ ಮುನ್ನೂರ ನಲವತ್ತು. ಐದನೇ ವಾರ ಡಾಕ್ಟರು ಮತ್ತೆ ಏರಿಸಿ ಮೂವತ್ತು ಯೂನಿಟ್. ಸಕ್ಕರೆ ಮುನ್ನೂರ ಅರವತ್ತು. ಬೆರಳಿನ ಬುಡ ಮೊದಲು ಕೆಂಪಾಗಿ, ಆಮೇಲೆ ಸೀಸದ ಬಣ್ಣಕ್ಕೆ ತಿರುಗಿತು. ಅಜ್ಜಿ ದಿನವೂ ಕೆಲಸಕ್ಕೆ ಹೋದಳು. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹಿಮ್ಮಡಿಯಿಂದ ಪೆಡಲ್ ಒತ್ತಿದಳು. ದಿನಕ್ಕೆ ಮೂವತ್ತು ಹೊದಿಕೆಗೆ ಇಳಿಯಿತು. ಡಿಪೋ ಮೇಲ್ವಿಚಾರಕ ಬಂದು ಹೊದಿಕೆಗಳ ರಾಶಿ ಎಣಿಸಿ ಹೋಗುತ್ತಿದ್ದ.

ಮನೆಯಲ್ಲಿ ಅವಳ ಬೆಳಗಿನ ತಿಂಡಿ ಎರಡು ಬ್ರೆಡ್ಡಿನಿಂದ ಒಂದಕ್ಕೆ ಬಂತು. ಮಧ್ಯಾಹ್ನದ ಡಬ್ಬದಲ್ಲಿ ಬೇಯಿಸಿದ ಬೀನ್ಸ್ ಮತ್ತು ಒಂದು ಮೊಟ್ಟೆ. ಸೊಸೆ ಅವಳ ಕೈಚೀಲ ನೋಡತೊಡಗಿದಳು. ಚೀಲದಲ್ಲಿ ದಾರದ ಉಂಡೆ, ಕನ್ನಡಕ, ಬಾಬಿನ್ ಡಬ್ಬ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ಸಿಗದಿದ್ದಷ್ಟೂ ಅವಳಿಗೆ ಸಿಟ್ಟು.

"ಎಲ್ಲಿ ಬಚ್ಚಿಡ್ತಾರೋ!"

"ಬಿಡೇ," ಅಂದ ಗಂಡ. "ಪಕ್ಕದಲ್ಲೇ ಇರ್ತೀನಿ, ನನ್ನ ಕಣ್ಣಿಗೆ ಬಿದ್ದಿಲ್ಲ."

"ನಿಮ್ಮ ಕಣ್ಣಿಗೆ ಏನು ಬೀಳುತ್ತೆ? ಸ್ಟೇಪಲ್ ಬಿತ್ತಾ?"

ಅವನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದ. ಐಸಣ್ಣ ಹೆಂಡತಿಗೆ, "ನಿಜ ಹೇಳೇ, ನನ್ನ ಹತ್ರ ಹೇಳು, ತಿಂತೀಯಾ?" ಎಂದು ಕೇಳಿದರು.

"ನೀವೂ ಕೇಳಿದ್ರಾ? ಬಾಕಿ ಇದ್ದೋರು ನೀವೊಬ್ರೇ."

ಐದನೇ ವಾರದ ಶನಿವಾರ ಪೆಟ್ಟಿಗೆಯಲ್ಲಿದ್ದ ಕೊನೆಯ ಸೀಸೆಯ ತಳ ಕಂಡಿತು. ಯೂನಿಟ್ ಏರಿದ್ದರಿಂದ ಆರು ವಾರಕ್ಕೆ ತಂದದ್ದು ಬೇಗ ಮುಗಿದಿತ್ತು. ಸೊಸೆ ಲಾಂಡ್ರಿಯಿಂದ ಬರುವಾಗ ಔಷಧದಂಗಡಿಯಿಂದ ಹೊಸ ಸೀಸೆ ತಂದಳು. ಪೆಟ್ಟಿಗೆಯಿನ್ನೂ ಡಿಪೋದಲ್ಲಿದ್ದುದರಿಂದ ಅದನ್ನು ಮನೆಯ ದೊಡ್ಡ ಫ್ರಿಜ್ಜಿನ ಮಧ್ಯದ ಹಲಗೆಯಲ್ಲಿಟ್ಟಳು. ಅದು ಅಲ್ಲೇ ಉಳಿಯಿತು.

ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಏಳೂವರೆಗೆ ಐಸಣ್ಣ ಹೊಸ ಸೀಸೆಯಿಂದ ಮೂವತ್ತು ಯೂನಿಟ್ ಎಳೆದು ಚುಚ್ಚಿದರು. ಅಜ್ಜಿ ಒಂದು ಬ್ರೆಡ್ಡು ತಿಂದು, ಸಪ್ಪೆ ಟೀ ಕುಡಿದು, ಕಿಟಕಿಯ ಹತ್ತಿರ ಬಾಬಿನ್ನಿಗೆ ದಾರ ಸುತ್ತಲು ಕೂತಳು.

ಹತ್ತು ಗಂಟೆಗೆ ಮೊಮ್ಮಗಳು ಕೂಗಿದಳು. "ಅಮ್ಮಾ, ಅಜ್ಜಿ ಬಾಬಿನ್ ಬಿಟ್ಟು ತನ್ನ ಬೆರಳಿಗೇ ದಾರ ಸುತ್ಕೊಳ್ತಿದ್ದಾಳೆ!"

ಅಜ್ಜಿಯ ಕುಪ್ಪಸ ಬೆವರಿಗೆ ಒದ್ದೆಯಾಗಿ ಬೆನ್ನಿಗಂಟಿತ್ತು. ಕೈ ನಡುಗುತ್ತಿತ್ತು. "ಇನ್ನು ಹನ್ನೆರಡು ಸೀಟು," ಅಂದಳು, ನಾಲಗೆ ದಪ್ಪವಾದಂತೆ.

ಮೊಮ್ಮಗಳು ಬೆರಳು ಚುಚ್ಚಿದಳು. ನಲವತ್ತಾರು.

"ಮುನ್ನೂರ ನಲವತ್ತಾರಾ?" ಅಂದ ಮಗ.

"ಅಲ್ಲ ಅಪ್ಪ. ನಲವತ್ತಾರು. ಬರೀ ನಲವತ್ತಾರು."

ಸೊಸೆಗೆ ಆಸ್ಪತ್ರೆಯಲ್ಲಿ ಕಂಡು ಕೇಳಿ ಇಷ್ಟು ಗೊತ್ತಿತ್ತು: ಮುನ್ನೂರಕ್ಕೆ ದಿನಗಳ ಸಮಯವಿರುತ್ತದೆ, ನಲವತ್ತಕ್ಕೆ ನಿಮಿಷಗಳದ್ದು. ಬೀರುವಿನ ಬೀಗ ತೆಗೆಯಲು ಮೂರು ಸಲ ಕೀಲಿ ತಪ್ಪಿತು. ಅರ್ಧ ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿ ಅತ್ತೆಯ ತುಟಿಗೆ ಹಿಡಿದಳು.

"ಕುಡೀರಿ ಅತ್ತೆ."

"ಬೇಡ. ನೀನು ಬೈತೀಯ."

"ಬೈಯಲ್ಲ. ನುಂಗಿ. ಇನ್ನೊಂದು ಗುಟುಕು. ನುಂಗಿ ಅತ್ತೆ."

ಹದಿನೈದು ನಿಮಿಷಕ್ಕೆ ಎಪ್ಪತ್ತೆಂಟು. ಅಜ್ಜಿ ಸುತ್ತಲೂ ನೋಡಿ, ತನ್ನ ಬೆರಳಿನ ದಾರ ಬಿಚ್ಚಿಕೊಂಡಳು. ಇನ್ನೊಂದು ಬ್ರೆಡ್ಡು ತಿನ್ನಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಪಾಳಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನವಳು. ಕೇಳಿದ್ದು ಒಂದೇ ಪ್ರಶ್ನೆ. "ಇವತ್ತು ಏನು ಬದಲಾಯ್ತು?"

"ಏನೂ ಇಲ್ಲ," ಅಂದರು ಐಸಣ್ಣ. "ಅದೇ ಮೂವತ್ತು ಯೂನಿಟ್, ಅದೇ ಬ್ರೆಡ್ಡು."

"ಸೀಸೆ ಹೊಸದು," ಅಂದಳು ಸೊಸೆ.

"ಹಳೇದು ಎಲ್ಲಿದೆ?"

ಮಗ ಮನೆಗೆ ಹೋಗಿ ಪೆಟ್ಟಿಗೆಯನ್ನೇ ಹೊತ್ತು ತಂದ. ಡಾಕ್ಟರ್ ತಳದಲ್ಲಿ ಔಷಧ ಉಳಿದಿದ್ದ ಸೀಸೆಯನ್ನು ಬೆಳಕಿಗೆ ಹಿಡಿದಳು. ಅಲ್ಲಾಡಿಸಿದರೂ ಗಾಜಿಗೆ ಅಂಟಿಕೊಂಡೇ ಇರುವ ಬಿಳಿಯ ಕಾಳುಗಳು. ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೆ ಹಾಕಿಸಿದಳು. ಹಸಿರು ಅಂಕಿ ಮೂಡಿತು. ಮೈನಸ್ ಹತ್ತು.

"ಇದು ಎರಡರಿಂದ ಎಂಟರೊಳಗೆ ಇರ್ಬೇಕು. ಒಂದು ಸಲ ಗಟ್ಟಿಯಾದ್ರೂ ಮುಗೀತು, ಕರಗಿಸಿದ್ರೂ ವಾಪಸ್ ಬರಲ್ಲ. ಚೆಲ್ಲಿಬಿಡ್ಬೇಕು. ನೀವು ಐದು ವಾರದಿಂದ ಇವರಿಗೆ ಹೆಚ್ಚುಕಡಿಮೆ ಬರೀ ನೀರು ಚುಚ್ಚಿದ್ದೀರಿ. ಔಷಧ ಕೆಲಸ ಮಾಡ್ತಿಲ್ಲ ಅಂತ ಕ್ಲಿನಿಕ್ಕಿನವರು ಅಳತೆ ಏರಿಸಿದ್ರು. ಇವತ್ತು ಸರಿಯಾದ ಔಷಧ, ಏರಿಸಿದ ಅಳತೆ. ಅಷ್ಟೆ."

ಡಾಕ್ಟರ್ ಅಜ್ಜಿಯ ಕಾಲಿನ ಬ್ಯಾಂಡೇಜ್ ಬಿಚ್ಚಿದಳು, ಒಂದು ಸಲಾಕೆಯಿಂದ ಮುಟ್ಟಿ ನೋಡಿದಳು, ಮತ್ತೆ ಸುತ್ತಿದಳು. "ಇದು ಮೂಳೆಗೆ ಇಳಿದಿದೆ," ಅಂದಳು.

*

ಮಂಗಳವಾರ ಬೆರಳು ತೆಗೆದರು. ಅಜ್ಜಿ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ಮನೆಯಲ್ಲಿ ಬೆಳಗಿನ ಟೀ ಮಾಡಿದವರು ಯಾರು, ನೆಲ ಒರೆಸಿದವರು ಯಾರು ಎಂದು ಯಾರೂ ಗಮನಿಸಲಿಲ್ಲ. ಎಲ್ಲ ಹೇಗೋ ಆಗುತ್ತಿತ್ತು. ಬೀರುವಿನ ಬಾಗಿಲು ತೆರೆದೇ ಇತ್ತು. ಸಕ್ಕರೆ ಡಬ್ಬ ಅಡುಗೆಮನೆಗೆ ಬಂತು. ಮೊಮ್ಮಗಳು ಸಪ್ಪೆ ಟೀಯನ್ನೇ ಕುಡಿಯುತ್ತಿದ್ದಳು.

ಜಗಳ ಆದದ್ದು ಒಂದೇ ಸಲ, ಗುರುವಾರ ಊಟದ ಹೊತ್ತಿಗೆ.

"ಐಸ್ ಬೇರೆ, ಔಷಧ ಬೇರೆ ಅಂತ ಒಂದು ಸಲಾನೂ ಅನ್ನಿಸ್ಲಿಲ್ವಾ ಅಪ್ಪ ನಿಮಗೆ?" ಅಂದ ಮಗ.

"ಅನ್ನಿಸ್ಲಿಲ್ಲ."

"ಒಂದು ಸಲ ಯಾರನ್ನಾದ್ರೂ ಕೇಳಿದ್ರೆ?"

"ಯಾರನ್ನ ಕೇಳ್ಲಿ? ಎಲ್ರೂ ನನ್ನನ್ನೇ ಕೇಳ್ತಿದ್ರಲ್ಲ." ಐಸಣ್ಣ ತಟ್ಟೆ ದೂಡಿದರು. "ಅದಿರ್ಲಿ, ವೈರು ಕಿತ್ತೋನು ಯಾರು? ಡ್ರೈವಿಂಗ್ ಮಾಡುವಾಗ ಹಾಕಿ, ನಿಂತಾಗ ತೆಗೆದಿದ್ರೆ ಸಾಕಿತ್ತು. ಇಲ್ಲಾಂದ್ರೆ ಡಿಪೋದಲ್ಲಿ ಒಂದು ಪ್ಲಗ್ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಈಗ ನಾನಾ?"

"ನರ್ಸಮ್ಮ ಡಿಗ್ರಿ ಎಷ್ಟು ಅಂತ ಬಾಯಿ ತೆಗೆದಳು," ಅಂದಳು ಸೊಸೆ. ಅವಳ ದನಿಯಲ್ಲಿ ಏರಿಳಿತ ಇರಲಿಲ್ಲ. "ನಾನು ಮಧ್ಯೆ ಬಾಯಿ ಹಾಕಿದೆ. ಅವತ್ತು ಮೂರನೇ ವಾರ. ಬೆರಳು ಇನ್ನೂ ಕೆಂಪಗಿತ್ತು."

ಮೊಮ್ಮಗಳು ಚಮಚ ಕೆಳಗಿಟ್ಟಳು. "ಕಾಗದದಲ್ಲೂ ಬರೆದಿತ್ತು. ಹೆಪ್ಪುಗಟ್ಟಿಸಬಾರದು ಅಂತ. ನಿನ್ನೆ ಹೊಸ ಡಬ್ಬದ್ದು ತೆಗೆದು ಓದ್ದೆ. ಐದು ವಾರ ಅದನ್ನ ಹರಿದು ಹರಿದು ಕೊಡ್ತಿದ್ದೆ."

"ನೀನು ಸುಮ್ನಿರು," ಅಂದ ಅಪ್ಪ.

"ಸುಮ್ನೇ ಇದ್ದೆ."

ಸೂಪಿನ ಮೇಲೆ ಕೆನೆ ಕಟ್ಟಿತು. ಸೊಸೆ ಎಲ್ಲರ ಬಟ್ಟಲನ್ನೂ ವಾಪಸ್ಸು ಪಾತ್ರೆಗೆ ಸುರಿದು, ಮತ್ತೆ ಬಿಸಿ ಮಾಡಿ, ಮತ್ತೆ ಬಡಿಸಿದಳು. ತಿಂದರು.

ಡಿಪೋ ಕೆಲಸದ ಗಡುವು ಹತ್ತು ದಿನ ಮುಂದೆ ಹೋಯಿತು. ಹೊಲಿಗೆಗೆ ಮಗ ಬೇರೊಬ್ಬ ಹೆಂಗಸನ್ನು ಇಟ್ಟುಕೊಂಡ. ಅವಳ ಹೊಲಿಗೆ ನೆಟ್ಟಗಿತ್ತು, ಮೂಲೆಗಳು ಮಾತ್ರ ಅಜ್ಜಿಯಷ್ಟು ಬಿಗಿಯಾಗಿ ಕೂರುತ್ತಿರಲಿಲ್ಲ. ಶೆಡ್ಡಿನ ನೆಲವನ್ನು ಅವನು ದಿನಕ್ಕೆ ಮೂರು ಸಲ ಅಯಸ್ಕಾಂತದಿಂದ ಗುಡಿಸುತ್ತಿದ್ದ.

ಅಜ್ಜಿ ಮನೆಗೆ ಬರುವ ಹಿಂದಿನ ದಿನ ಆಸ್ಪತ್ರೆಯ ನರ್ಸ್ ಎಲ್ಲರನ್ನೂ ಕೂರಿಸಿ ಹೇಳಿದಳು. ಮತ್ತೆ ಹದಿನೆಂಟು ಯೂನಿಟ್. ಪೆಟ್ಟಿಗೆ ಐದು ಡಿಗ್ರಿಗೆ. ಪರದೆಯ ಅಂಕಿ ನಂಬಬಾರದು. ಒಳಗೆ ಮಧ್ಯದಲ್ಲಿ ಒಂದು ಥರ್ಮಾಮೀಟರ್ ಇಡಬೇಕು. ಸೀಸೆ ಗೋಡೆಗೆ ತಾಗಬಾರದು, ಐಸಾದ ಬಾಟಲಿಗೆ ತಾಗಬಾರದು. ಎರಡಕ್ಕಿಂತ ಕೆಳಗೆ ಹೋದರೆ, ಗಟ್ಟಿಯಾಗಿರಬಹುದೆಂಬ ಅನುಮಾನ ಬಂದರೂ ಸಾಕು, ಆ ಸೀಸೆ ಬಳಸಬಾರದು. ಬಳಸುತ್ತಿರುವ ಒಂದು ಸೀಸೆ ಮಾತ್ರ ಪೆಟ್ಟಿಗೆಗೆ, ಉಳಿದವು ಮನೆಯ ಫ್ರಿಜ್ಜಿಗೆ. ಸೂಜಿಯನ್ನು ಕಾಗದದಲ್ಲಿ ಅಲ್ಲ, ಗಟ್ಟಿ ಡಬ್ಬದಲ್ಲಿ ಹಾಕಬೇಕು. ಅಜ್ಜಿಯ ಜೇಬಿನಲ್ಲಿ ಯಾವಾಗಲೂ ಸಕ್ಕರೆ ಇರಬೇಕು.

"ಬೆಳಿಗ್ಗೆ ಚುಚ್ಚೋರು ಯಾರು?" ಎಂದು ನರ್ಸ್ ಕೇಳಿದಳು.

ಮಗ ನೆಲ ನೋಡಿದ. ಸೊಸೆ, "ನಾನು ಐದೂವರೆಗೆ ಹೊರಡ್ತೀನಿ," ಅಂದಳು. ಮೊಮ್ಮಗಳ ಶಾಲೆಯ ಬಸ್ಸು ಆರೂವರೆಗೆ.

"ನಾನು ಮುಟ್ಟಲ್ಲ," ಅಂದರು ಐಸಣ್ಣ.

"ಮತ್ಯಾರು ಮುಟ್ತಾರೆ?" ಅಂದಳು ಅಜ್ಜಿ ಹಾಸಿಗೆಯಿಂದ. "ಸಂಜೆದು ನಾನೇ ಹಾಕ್ಕೋತೀನಿ. ಬೆಳಿಗ್ಗೆ ಕಣ್ಣು ಮಂಜು, ಗೆರೆ ಕಾಣಲ್ಲ. ಮನೇಲಿ ಬೇರೆ ಯಾರಿದ್ದಾರೆ?"

"ಬೇರೆ ಯಾರನ್ನಾದ್ರೂ ಗೊತ್ತು ಮಾಡೋಣ."

"ಬೆರಳೂ ಹೋಯ್ತು, ಈಗ ಬೀದಿಯವರ ಮುಂದೆ ಹೊಟ್ಟೆನೂ ತೋರಿಸ್ಲಾ? ಸುಮ್ನೆ ಕಲ್ತ್ಕೊಳ್ಳಿ."

ಅವಳ ಮಾತಿನಲ್ಲಿ ಕೋಪ ಇತ್ತೋ ಇಲ್ಲವೋ ಐಸಣ್ಣನಿಗೆ ಗೊತ್ತಾಗಲಿಲ್ಲ. ನರ್ಸ್ ಎಲ್ಲವನ್ನೂ ಅವರಿಂದ ಎರಡು ಸಲ ಹೇಳಿಸಿದಳು. ಎರಡನೇ ಸಲ ಅವರು ತಪ್ಪಿಲ್ಲದೆ ಹೇಳಿದರು.

ಮನೆಗೆ ಬಂದ ಮರುದಿನ ಏಳೂಕಾಲಿಗೆ ಫೋನ್ ರಿಂಗಾಯಿತು. ಲಾಂಡ್ರಿಯ ಟೀ ವಿರಾಮ ಹತ್ತು ನಿಮಿಷ. ಸೊಸೆಯ ದನಿಯ ಹಿಂದೆ ದೊಡ್ಡ ಯಂತ್ರಗಳು ಬಟ್ಟೆ ತಿರುಗಿಸುವ ಸದ್ದು.

"ಮಾವ, ಥರ್ಮಾಮೀಟರ್ ಎಷ್ಟಿದೆ?"

"ಐದು."

"ಕಾಳು ಕಾಳು ಏನಾದ್ರೂ ಇದೆಯಾ?"

"ಇಲ್ಲ. ಎರಡು ಸಲ ನೋಡಿದೆ."

"ಯೂನಿಟ್?"

"ಹದಿನೆಂಟು. ಚುಚ್ಚಿ ಆಯ್ತು."

"ಅತ್ತೆ ತಿಂದ್ರಾ?"

ಕೇಳಿದ ಮೇಲೆ ಅವಳೇ ತಡೆದುಕೊಂಡಳು. ಐಸಣ್ಣ ಮೇಜಿನ ಆ ಕಡೆ ನೋಡಿದರು. ಅಜ್ಜಿ ಬಲಗಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟುಕೊಂಡು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಳು.

"ನೀನೇ ಕೇಳು," ಎಂದು ಅವರು ಫೋನನ್ನು ಅವಳ ಮುಂದಿಟ್ಟರು.

"ಎರಡು ಬ್ರೆಡ್ಡು, ಒಂದು ಮೊಟ್ಟೆ," ಅಂದಳು ಅಜ್ಜಿ. "ಬ್ರೆಡ್ಡು ಆಯ್ತು. ಮೊಟ್ಟೆ ಕೈಯಲ್ಲಿದೆ. ನಂಬ್ತೀಯಾ?"

ಆ ಕಡೆ ಯಾರೋ ಸೊಸೆಯನ್ನು ಕರೆದರು. ಅವಳು ಅತ್ತ ಹೋಗಲಿಲ್ಲ.

"ನಂಬ್ತೀನಿ ಅತ್ತೆ."

"ಹಾಗಾದ್ರೆ ಫೋನ್ ಇಡು. ಮೊಟ್ಟೆ ಆರ್ತಿದೆ."